ಕೆಳಗಿನ ಎರಡು ಎಲೆ

ಹಳದಿಯಾಗಿದ್ದದ್ದು ಎರಡೇ ಎಲೆ. ಅದೂ ತೀರ ಕೆಳಗಿನವು, ಗೋಡೆಯ ಕಡೆಗೆ ಮುಖ ಮಾಡಿದವು, ಬಗ್ಗಿ ನೋಡದ ಹೊರತು ಯಾರ ಕಣ್ಣಿಗೂ ಬೀಳದಂಥವು. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಾಗರತ್ನಾ ಮೇಡಂ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದರು.

“ಕಲ್ಮೇಶ, ಸ್ವಲ್ಪ ಹೊರಗ ಬರ್ರಿ.”

ಕಲ್ಮೇಶ ಕೈಯಲ್ಲಿದ್ದ ಪೆನ್ನಿನ ಸಮೇತ ಹೊರಗೆ ಓಡಿಬಂದ. ರಾಮದುರ್ಗದ ಆ ಸರಕಾರಿ ಕಚೇರಿಯ ಬಾಗಿಲ ಬಲಕ್ಕೆ ಒಂದು ದೊಡ್ಡ ಕುಂಡ, ಅದರಲ್ಲಿ ಆಳೆತ್ತರದ ಶೋ ಗಿಡ. ಡ್ರಸೀನಾ ಎಂದು ಅದರ ಹೆಸರು. ಹೂವಿಲ್ಲ, ಕಾಯಿಲ್ಲ, ವಾಸನೆಯಿಲ್ಲ. ಬುಡದಿಂದ ತುದಿಯವರೆಗೆ ಪಟ್ಟಿಯಂಥ ಉದ್ದುದ್ದ ಎಲೆಗಳು. ಕಚೇರಿಗೆ ಬಂದ ರೈತರು ಇದು ಯಾವ ತಳಿಯ ಗೋವಿನಜೋಳ, ಯಾಕೆ ಇನ್ನೂ ತೆನೆ ಬಿಟ್ಟಿಲ್ಲ ಎಂದು ಕೇಳುವುದಿತ್ತು. ಮೇಡಂ ಮೂರು ವರ್ಷದ ಹಿಂದೆ ಗೇಣುದ್ದದ ಗಿಡ ತಂದು ನೆಟ್ಟವರು, ಅಂಥವರಿಗೆ ಉತ್ತರ ಕೊಡುತ್ತಿರಲಿಲ್ಲ.

“ಕೆಳಗಿನ ಎರಡ ಎಲಿ ಹಳದಿ ಆಗ್ಯಾವ ನೋಡ್ರಿ. ನಾಕಕ್ಕ ಸಾಹೇಬ್ರು ಬರ್ತಾರ. ಅಷ್ಟರಾಗ ಅವೆರಡ ತಗದಬಿಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

“ಆತ್ರಿ ಮೇಡಂ.”

“ಮತ್ತ ನಿಮ್ಮ ವಿಷಯ ನನ್ನ ನೆನಪಿನ್ಯಾಗ ಐತಿ. ಸಾಹೇಬ್ರಿಗೆ ಹೇಳ್ತೇನಿ.”

ಮೇಡಂ ಜೀಪು ಹತ್ತಿ ತಾಲೂಕಿನ ಸಭೆಗೆ ಹೋದರು. ಕಲ್ಮೇಶ ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಕೈಮುಗಿದುಕೊಂಡೇ ನಿಂತಿದ್ದ.

ಅವನ ವಿಷಯ ಎಂದರೆ ಬಸ್ಸಿನ ವಿಷಯ. ಮನೆ ಸಂಗೊಳ್ಳಿಯಲ್ಲಿ, ನೌಕರಿ ರಾಮದುರ್ಗದಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಬೈಲಹೊಂಗಲಕ್ಕೆ ಒಂದು ಬಸ್ಸು, ಅಲ್ಲಿಂದ ಸವದತ್ತಿಗೆ ಒಂದು, ಸವದತ್ತಿಯಿಂದ ಇಲ್ಲಿಗೆ ಇನ್ನೊಂದು. ಸಂಜೆ ಇದೇ ಮೂರು ತಿರುವುಮುರುವು. ಮನೆ ಮುಟ್ಟುವಾಗ ಎರಡು ವರ್ಷದ ಮಗಳು ಮಲಗಿರುತ್ತಿದ್ದಳು, ಬಿಡುವಾಗಲೂ ಮಲಗಿರುತ್ತಿದ್ದಳು. ರವಿವಾರ ಎಚ್ಚರವಾಗಿದ್ದಾಗ ಅವನನ್ನು ನೋಡಿ, ಒಳಗೆ ಓಡಿಹೋಗಿ, “ಅವ್ವಾ, ಮಾಮಾ ಬಂದಾನ” ಎಂದು ತಾಯಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ಹೆಂಡತಿ ಮಂಜುಳಾ ಮೊದಮೊದಲು ತಿದ್ದುತ್ತಿದ್ದಳು. ಈಗೀಗ, “ಮಾಮಾಗ ನೀರ ಕೊಡು” ಎನ್ನುವಷ್ಟಕ್ಕೆ ಬಂದಿದ್ದಳು.

ಈಗ ಬೈಲಹೊಂಗಲದ ಕಚೇರಿಯಲ್ಲಿ ಒಂದು ಜಾಗ ತೆರವಾಗಿತ್ತು. ರಾಮದುರ್ಗದಿಂದ ಒಬ್ಬ ಗುಮಾಸ್ತನನ್ನು ಅಲ್ಲಿಗೆ ಕಳಿಸಬೇಕೆಂದು ಆದೇಶವೂ ಬಂದಿತ್ತು. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ತಪಾಸಣೆಗೆ ಬರುವ ಸಾಹೇಬರು ತಾವೇ ಬರೆದು ಸಹಿ ಹಾಕುವವರಿದ್ದರು. ಕಚೇರಿಯಲ್ಲಿ ಇದ್ದ ಗುಮಾಸ್ತರು ಇಬ್ಬರೇ. ಇನ್ನೊಬ್ಬರು ಮಡಿವಾಳೆಪ್ಪನವರು. ಅವರ ಮನೆ ಕಚೇರಿಯ ಹಿಂದಿನ ಓಣಿಯಲ್ಲೇ ಇತ್ತು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ಉಂಡು, ಅರ್ಧ ತಾಸು ಅಡ್ಡಾಗಿ, ಎದ್ದು ಬರುವ ಮನುಷ್ಯ. ಬೈಲಹೊಂಗಲವೆಂದರೆ ಅವರಿಗೆ ಮದುವೆಯ ಊಟಕ್ಕೆ ಹೋಗಿಬರುವ ಊರು. ಹೀಗಾಗಿ ಖಾಲಿ ಜಾಗದಲ್ಲಿ ಬೀಳಬೇಕಾದ ಹೆಸರಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಕಲ್ಮೇಶ ಬಗ್ಗಿ ಎರಡು ಹಳದಿ ಎಲೆ ಹಿಡಿದು ಎಳೆದ. ಎರಡೂ ಸುಲಭವಾಗಿ ಬಂದವು. ಕೆಲಸ ಮುಗಿಯಿತು. ಕೈ ಝಾಡಿಸಿ ಒಳಗೆ ಹೋಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಡಿವಾಳೆಪ್ಪನವರು ಚಹದ ಕಪ್ಪು ಹಿಡಿದು ಹೊರಗೆ ಬಂದರು.

ಅವರ ಸೋದರಮಾವ ಒಂದು ಕಾಲಕ್ಕೆ ಎಲೆಬಳ್ಳಿಯ ತೋಟ ಮಾಡಿದ್ದರು. ಮಾವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ತೋಟ ಅದಕ್ಕಿಂತ ಮೊದಲೇ ಒಣಗಿಹೋಗಿತ್ತು. ಆದರೂ ಎಲೆ ಎಂಬ ವಸ್ತುವಿನ ಬಗ್ಗೆ ಕಚೇರಿಯಲ್ಲಿ ಕೊನೆಯ ಮಾತು ಅವರದೇ.

ಅವರು ಒಂದು ಗುಟುಕು ಚಹ ಕುಡಿದು ಗಿಡವನ್ನು ನೋಡಿದರು. ಇನ್ನೊಂದು ಗುಟುಕು ಕುಡಿದು ಕಲ್ಮೇಶನನ್ನು ನೋಡಿದರು.

“ಒಂದ ಕಡೆ ಮೀಸಿ ಬೋಳಿಸಿದಂಗ ಆತಲ್ಲೋ ಇದು.”

ಕಲ್ಮೇಶ ಹಿಂದೆ ಸರಿದು ನೋಡಿದ. ಹೇಳುವವರೆಗೂ ಅವನಿಗೆ ಹಾಗೆ ಕಂಡಿರಲಿಲ್ಲ. ಹೇಳಿದ ಮೇಲೆ ಬೇರೆ ಏನೂ ಕಾಣಲಿಲ್ಲ.

“ಈ ಕಡಿವೂ ಎರಡ ತಗಿ. ಸಮ ಆಗತೈತಿ.”

“ಮೇಡಂ ಬ್ಯಾರೆ ಮುಟ್ಟಬ್ಯಾಡ ಅಂದಾರ್ರಿ.”

“ಮೇಡಂ ಸಾಹೇಬ್ರಿಗೆ ಚಂದ ಕಾಣಲಿ ಅಂತ ಹೇಳ್ಯಾರೋ, ಅರ್ಧಾ ಮೀಸಿ ಕಾಣಲಿ ಅಂತ ಹೇಳ್ಯಾರೋ?”

ವರಾಂಡದ ಬೆಂಚಿನ ಮೇಲೆ ಸಾಲಹಳ್ಳಿಯ ತಾಯವ್ವ ಕುಳಿತಿದ್ದಳು. ಅರವತ್ತು ದಾಟಿದ ರೈತ ಹೆಂಗಸು. ಹೊಲದ ಉತಾರದ, ಅಂದರೆ ಪಹಣಿಯ, ನಕಲು ಬೇಕೆಂದು ಮೊದಲ ಬಸ್ಸಿಗೆ ಬಂದವಳು. ಸೆರಗಿನಲ್ಲಿ ಸುತ್ತಿದ್ದ ಅರ್ಜಿಯನ್ನು ಇನ್ನೂ ಬಿಚ್ಚಿರಲಿಲ್ಲ.

“ತಮ್ಮಾ, ಹಸರ ಎಲಿ ಕೀಳಬ್ಯಾಡ,” ಎಂದಳು. “ಒಣಗಿದ್ದ ತಾನ ಕಳಚತೈತಿ. ಹಸೀದ ಕಿತ್ತರ ತೊಗಲ ಬರತೈತಿ.”

“ಎವ್ವಾ, ಇದು ಜ್ವಾಳ ಅಲ್ಲ,” ಎಂದರು ಮಡಿವಾಳೆಪ್ಪನವರು. “ಇದು ಶೋ ಗಿಡ.”

ಕಲ್ಮೇಶ ಹಸಿರೆಲೆ ಹಿಡಿದು ಎಳೆದ. ಅದು ಬರಲಿಲ್ಲ. ಕುಂಡಕ್ಕೆ ಕಾಲು ಕೊಟ್ಟು ಎಳೆದ. ಎಲೆ ಬಂತು, ಅದರ ಹಿಂದೆ ಬೆರಳಗಲದ ತೊಗಟೆಯೂ ಸುಲಿದುಕೊಂಡು ಬಂತು. ಕಾಂಡದ ಮೇಲೆ ಒಂದು ಗೇಣು ಉದ್ದದ ಬಿಳಿ ಗಾಯ ಹೊಳೆಯತೊಡಗಿತು, ರಸ್ತೆಯಿಂದಲೂ ಕಾಣುವಂತೆ.

ಮೂವರೂ ಅದನ್ನು ನೋಡಿದರು.

“ಗಾಯಕ್ಕ ಅರಿಷಿಣ ಹಚ್ಚಬೇಕು,” ಎಂದರು ಮಡಿವಾಳೆಪ್ಪನವರು, ಸ್ವಲ್ಪವೂ ವಿಚಲಿತರಾಗದೆ. “ನಮ್ಮ ಸೋದರಮಾವ ಬಳ್ಳಿಗೆ ಹಚ್ಚತಿದ್ದ. ಶ್ರೀಶೈಲಾ, ನಮ್ಮ ಮನಿಗೆ ಹೋಗಿ ಅಕ್ಕಾರ ಕಡೆ ಒಂದ ಬಟ್ಟಲ ಅರಿಷಿಣ ಇಸಕೊಂಡ ಬಾ.”

ಜವಾನ ಶ್ರೀಶೈಲ ಹೋದ, ಬಂದ. ಹೋದದ್ದಕ್ಕೆ ಅಲ್ಲಿ ಒಂದು ರೊಟ್ಟಿಯನ್ನೂ ತಿಂದು ಬಂದ. ಕಲ್ಮೇಶ ಅರಿಶಿನ ಕಲಸಿ ಗಾಯಕ್ಕೆ ಬಳಿದ. ಬಳಿಯುವಾಗ ಮೇಲಿನ ಎಲೆಗಳು ಮೂಗಿಗೆ ಬಡಿಯುತ್ತಿದ್ದವು, ಅವುಗಳನ್ನು ಆಗಾಗ ಕೈಯಿಂದ ಸರಿಸಬೇಕಾಯಿತು. ಕೆಲಸ ಮುಗಿಸಿ ನೋಡಿದರೆ ಗಾಯ ಹಳದಿಯಾಗಿತ್ತು, ಅಂಗಿಯ ತೋಳು ಹಳದಿಯಾಗಿತ್ತು, ಮತ್ತು ಅವನು ಮುಟ್ಟಿದ ಎಂಟು ಎಲೆಗಳೂ ಹಳದಿಯಾಗಿದ್ದವು.

ನೀರು ಹಾಕಿ ತೊಳೆದ. ಬಣ್ಣ ಅಲ್ಲಿಂದ ಇಳಿದು ಕೆಳಗಿನ ನಾಲ್ಕು ಎಲೆಗಳಿಗೂ ಹರಿಯಿತು. ಈಗ ಗಿಡ ಅರಿಶಿನದ ಶಾಸ್ತ್ರಕ್ಕೆ ಕೂತ ಮದುಮಗನ ಹಾಗೆ ಕಾಣುತ್ತಿತ್ತು.

“ಮೇಡಂ ಏನಂದಿದ್ರು?” ಎಂದು ಮಡಿವಾಳೆಪ್ಪನವರು ಕೇಳಿದರು.

“ಹಳದಿ ಎಲಿ ತಗೀರಿ ಅಂದಿದ್ರು.”

“ಮತ್ತ?”

ಕಲ್ಮೇಶ ಹನ್ನೆರಡು ಎಲೆಗಳನ್ನು ನೋಡಿದ. ಈ ವಾದದಲ್ಲಿ ಎಲ್ಲೋ ಒಂದು ತಪ್ಪಿದೆ ಎಂದು ಅವನಿಗೆ ಅನಿಸಿತು. ಎಲ್ಲಿ ಎಂದು ಹುಡುಕುವಷ್ಟು ವೇಳೆ ಇರಲಿಲ್ಲ. ಈ ಸಲ ತೊಗಟೆ ಸುಲಿಯಬಾರದೆಂದು ಶ್ರೀಶೈಲ ಫೈಲಿನ ದಾರ ಕತ್ತರಿಸುವ ಕತ್ತರಿ ತಂದುಕೊಟ್ಟ. ಹನ್ನೆರಡೂ ಹೋದವು.

ಹನ್ನೆರಡು ಹೋದ ಮೇಲೆ ಉಳಿದ ಎಲೆಗಳ ತುದಿ ಕಂದಾಗಿರುವುದು ಕಂಡಿತು. ಮಡಿವಾಳೆಪ್ಪನವರ ಸಲಹೆಯಂತೆ ತುದಿ ಕತ್ತರಿಸಿದ. ಚೂಪಾಗಿದ್ದ ಎಲೆಗಳು ಮೊಂಡಾದವು. ಮೊಂಡಾದವು ಚೂಪಾದವುಗಳ ನಡುವೆ ಎದ್ದು ಕಂಡವು, ಆದ್ದರಿಂದ ಅವನ್ನು ತೆಗೆದ. ಎಡಕ್ಕೆ ಎರಡು ಹೆಚ್ಚಾಯಿತು ಎಂದು ಬಲಕ್ಕೆ ಸರಿದೂಗಿಸಿದ. ಬಲಕ್ಕೆ ಕೈ ತಪ್ಪಿ ಮೂರು ಹೋದವು, ಎಡಕ್ಕೆ ಬಂದ. ಒಂದೂವರೆಯ ಹೊತ್ತಿಗೆ ಮಡಿವಾಳೆಪ್ಪನವರು ಊಟಕ್ಕೆ ಹೊರಟು, ಮೆಟ್ಟಿಲಲ್ಲಿ ನಿಂತು, ತಿರುಗಿ ನೋಡಿ, “ಇನ್ನೊಂದೆರಡ ತಗದರ ಹಗರ ಆಗತೈತಿ” ಎಂದು ಹೇಳಿ ಹೋದರು.

ತಾಯವ್ವ ಬುತ್ತಿ ಬಿಚ್ಚಿ ಊಟ ಮುಗಿಸಿದಳು. “ತಮ್ಮಾ, ನನ್ನ ಉತಾರ?” ಎಂದು ಕೇಳಿದಳು.

“ಎವ್ವಾ, ಇದೊಂದ ಮುಗದ ಮ್ಯಾಲೆ ಮಾಡಿಕೊಡ್ತೇನಿ.”

“ಮುಗದಂಗ ಐತಲ್ಲ,” ಎಂದಳು ತಾಯವ್ವ.

ಕಲ್ಮೇಶ ಕತ್ತರಿ ಕೆಳಗಿಟ್ಟು ಅಂಗಳಕ್ಕೆ ಇಳಿದು ನೋಡಿದ. ಕುಂಡದಿಂದ ಒಂದು ಕೋಲು ಮೇಲೆದ್ದಿತ್ತು, ಅಲ್ಲಲ್ಲಿ ಬಳೆ ಹಾಕಿದ ಹಾಗೆ ಗುರುತು. ಕೋಲಿನ ತುದಿಯಲ್ಲಿ ಏಳು ಎಲೆಗಳ ಒಂದು ಜುಟ್ಟು. ಮೂರು ವರ್ಷ ಬೆಳೆದ ಗಿಡಕ್ಕೂ, ನೆಲ ಒರೆಸುವ ಕೋಲನ್ನು ತಲೆಕೆಳಗಾಗಿ ನಿಲ್ಲಿಸಿದ್ದಕ್ಕೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ.

ಅವನ ಕಣ್ಣಮುಂದೆ ಮೂರು ಬಸ್ಸುಗಳು ಒಂದರ ಹಿಂದೆ ಒಂದು ಹಾದುಹೋದವು.

“ಹಚ್ಚೂನ್ರಿ,” ಎಂದ ಶ್ರೀಶೈಲ.

“ಏನ ಹಚ್ಚೂದು?”

“ತಗದದ್ದ ವಾಪಸ್ ಹಚ್ಚೂನು. ಟೇಪ್ ಐತಿ, ಗೋಂದ್ ಐತಿ.”

ಬೇರೆ ದಾರಿ ಇರಲಿಲ್ಲ. ಇಬ್ಬರೂ ಸೇರಿ ಎಲೆಗಳನ್ನು ಹಚ್ಚತೊಡಗಿದರು. ಗೋಂದು ಹಿಡಿಯಲಿಲ್ಲ. ಟೇಪು ಹಿಡಿಯಿತು, ಆದರೆ ಎಲೆಗಳು ಮೇಲೆ ನೋಡಲು ಒಪ್ಪದೆ ಹಗ್ಗದ ಮೇಲೆ ಒಣಗಿಸಿದ ಬಟ್ಟೆಯಂತೆ ಜೋತುಬಿದ್ದವು. ಅರಿಶಿನದ ಎಲೆಗಳೂ ಅವುಗಳಲ್ಲಿ ಸೇರಿಕೊಂಡವು. ಸಿದ್ಧವಾದ ವಸ್ತುವನ್ನು ತಾಯವ್ವ ಬಹಳ ಹೊತ್ತು ನೋಡಿದಳು.

“ದೃಷ್ಟಿಗೆ ಕಟ್ಟಾಕ ಚಲೋ ಆಗೇತಿ,” ಎಂದಳು.

ಮೂರೂವರೆಗೆ ಊಟ, ನಿದ್ದೆ ಮುಗಿಸಿ ಬಂದ ಮಡಿವಾಳೆಪ್ಪನವರು ಅದನ್ನು ಕಂಡು ಮೊದಲ ಬಾರಿಗೆ ಹೌಹಾರಿದರು. “ಇದೇನ ಮಾಡೀರೋ. ತಗೀರಿ, ಎಲ್ಲಾ ತಗೀರಿ.” ಹಚ್ಚಿದ್ದೆಲ್ಲವನ್ನೂ ಮತ್ತೆ ಕೀಳುವ ಕೆಲಸ ನಡೆಯಿತು. ಶ್ರೀಶೈಲ ಕಾಂಡಕ್ಕೆ ಅಂಟಿದ ಟೇಪು, ಅರಿಶಿನ, ಗೋಂದು ಎಲ್ಲವನ್ನೂ ಒದ್ದೆ ಅರಿವೆಯಿಂದ ತಿಕ್ಕಿ ತಿಕ್ಕಿ ಒರೆಸಿದ. ಕೊನೆಯ ಎಲೆಯನ್ನು ಕಲ್ಮೇಶ ಅಂಗಿಯೊಳಗೆ ತುರುಕಿಕೊಳ್ಳುವುದಕ್ಕೂ ಜೀಪು ಅಂಗಳದಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಹದಿನೈದು ನಿಮಿಷ ಮೊದಲೇ ಬಂದಿದ್ದರು.

ಸಾಹೇಬರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೆಟ್ಟಿಲು ಹತ್ತಿದವರು ಗಿಡದ ಮುಂದೆ ನಿಂತರು. ಅವರ ಹಿಂದೆ ಬಂದ ಮೇಡಂ ಗಿಡ ನೋಡಿ ಬಾಯಿ ತೆರೆದರು, ಸಾಹೇಬರು ಇದ್ದಾರೆಂದು ಮತ್ತೆ ಮುಚ್ಚಿದರು. ಆಮೇಲೆ ಕಲ್ಮೇಶನ ಕಡೆ ನೋಡಿದರು. ಮೂರು ವರ್ಷದಲ್ಲಿ ಅವರು ಹಾಗೆ ಯಾರನ್ನೂ ನೋಡಿರಲಿಲ್ಲ.

ಸಾಹೇಬರು ಗಿಡದ ಸುತ್ತ ಒಂದು ಸುತ್ತು ಹಾಕಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದನ್ನ ಮಾಡಿದವರು ಯಾರು?”

ಕಲ್ಮೇಶನ ಅಂಗಿಯೊಳಗೆ ಎಲೆ ಚುಚ್ಚುತ್ತಿತ್ತು. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಆ ಹೊತ್ತಿನಲ್ಲಿ ಅವನಿಗೆ ಬೆಳಗಿನ ಐದು ಗಂಟೆಯ ಕತ್ತಲೆ ಕಂಡಿತು, ಸವದತ್ತಿ ನಿಲ್ದಾಣದ ಕಲ್ಲುಬೆಂಚು ಕಂಡಿತು, ಬಾಗಿಲಲ್ಲಿ ನಿಂತು ಮಾಮಾ ಬಂದಾನ ಎನ್ನುವ ಮಗಳು ಕಂಡಳು.

“ಮಡಿವಾಳೆಪ್ಪನವರ್ರಿ ಸರ್,” ಎಂದ. “ಒಂದೊಂದ ಎಲಿನೂ ಅವರ ಹೇಳಿದ ಮ್ಯಾಲೇ ತಗದದ್ದು. ಅವರದ ಅನುಭವ. ನನಗ ಇದರಾಗಿಂದ ಏನೂ ಗೊತ್ತಿಲ್ರಿ.”

ಮೊದಲಿನ ಎರಡು ಎಲೆ ಬಿಟ್ಟರೆ ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎಂಬುದು ಅವನಿಗೆ ಸಮಾಧಾನ ಕೊಟ್ಟಿತು.

ಮಡಿವಾಳೆಪ್ಪನವರು ಮುಂದೆ ಬಂದರು. “ಸಾಹೇಬ್ರ, ನಾ ಕೈ ಸುದ್ದಾ ಹಚ್ಚಿಲ್ರಿ. ದೂರ ನಿಂತಿದ್ದೆ. ಎರಡ ಮಾತ ಹೇಳಿರಬೇಕು, ಅಷ್ಟ.”

“ಹೇಳಿ ಮಾಡಸೂದ ದೊಡ್ಡದು,” ಎಂದರು ಸಾಹೇಬರು. “ಕೈ ಯಾರದಾದ್ರೂ ಇರತಾವ.”

ಅವರು ಕಾಂಡವನ್ನು ಮೆಲ್ಲಗೆ ಸವರಿದರು. “ಈ ಗಿಡದ ಚಂದ ಇರೂದ ಕಾಂಡದಾಗ. ಮ್ಯಾಲೆ ಒಂದ ಛತ್ರಿ ಇರಬೇಕು, ಕೆಳಗ ಪೂರಾ ಬಯಲ ಇರಬೇಕು. ಪುಣೆದಾಗ ಒಂದ ದೊಡ್ಡ ಹೊಟೆಲ್‌ನ್ಯಾಗ ಹಿಂಗ ನೋಡಿದ್ದೆ. ನಮ್ಮ ಕಡೆ ಎಲ್ಲಾರೂ ಎಲಿ ತಗ್ಯಾಕ ಅಂಜತಾರ. ಬೈಲಹೊಂಗಲದ ಕಚೇರಿಯೊಳಗ ಇಂಥಾವು ಇಪ್ಪತ್ತ ಅದಾವ, ಒಂದೊಂದೂ ಕಣಕಿ ಬಣವಿ ಆಗಿ ನಿಂತಾವ. ಹೇಳಾಕ ಒಬ್ಬ ತಿಳದವರು ಬೇಕಾಗಿದ್ರು.”

ಕಲ್ಮೇಶನಿಗೆ ಕೊನೆಯ ವಾಕ್ಯದ ಅರ್ಥ ಆಗುವಷ್ಟರಲ್ಲಿ ಸಾಹೇಬರು ಒಳಗೆ ಹೋಗಿ ಕುಳಿತಿದ್ದರು. ಅವನು ಹಿಂದೆಯೇ ಓಡಿದ.

“ಸರ್, ಖರೇ ಹೇಳಬೇಕಂದ್ರ ಕತ್ತರಿ ಹಿಡದಾಂವ ನಾನರಿ. ಎಲ್ಲಾ ನಾನ ಮಾಡಿದ್ದು.”

ಸಾಹೇಬರು ತಲೆ ಎತ್ತಿದರು. “ಈಗರೆ ನಿಮಗ ಏನೂ ಗೊತ್ತಿಲ್ಲ ಅಂದ್ರಿ.”

“ಅಂಜಿ ಹಂಗ ಅಂದೆರಿ.”

“ನಾ ಬೈತೇನಿ ಅನಿಸಿದಾಗ ಅವರ ಹೆಸರು, ನಾ ಹೊಗಳಿದ ಮ್ಯಾಲೆ ನಿಮ್ಮ ಹೆಸರು. ಹಿರೇರ ಮಾಡಿದ್ದನ್ನ ಹಿಂಗ ತಮ್ಮದ ಅನಬಾರದು.” ಅವರು ಕಿಟಕಿಯಿಂದ ಹೊರಗೆ ನೋಡಿದರು. “ಅವ್ವಾ, ನೀವು ಮುಂಜಾನಿಂದ ಇಲ್ಲೇ ಅದೀರೇನು? ಆ ಗಿಡಾ ಯಾರ ಮಾಡಿದ್ದು?”

ತಾಯವ್ವ ಎದ್ದು ನಿಂತಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. “ಆ ಹಿರ್ಯಾರು ಹೇಳಿದ್ರು ಯಪ್ಪಾ, ಇಂವಾ ಕಿತ್ತ. ಆ ಹಳದಿ ಎರಡ ಬಿಟ್ಟರ, ಅವರು ಹೇಳದ ಇಂವಾ ಒಂದೂ ಕಿತ್ತಿಲ್ಲ.”

“ನೀವು ಯಾಕ ಬಂದಿದ್ರಿ?”

“ಉತಾರಕ್ಕ ಬಂದೇನ್ರಿ. ಇಂವಾ ಕಿತ್ತ ಮುಗಸಲಿ ಅಂತ ಕುಂತೇನಿ.”

ಸಾಹೇಬರು ಗಡಿಯಾರ ನೋಡಿದರು. ಮುಂದಿನ ಕಾಲು ತಾಸಿನಲ್ಲಿ ಮೂರು ಕಾಗದಗಳು ತಯಾರಾದವು. ಮೊದಲನೆಯದು ತಾಯವ್ವನ ಉತಾರ. ಅದನ್ನು ಅವಳು ಎರಡೂ ಕಣ್ಣಿಗೆ ಒತ್ತಿಕೊಂಡು, ಐದರ ಬಸ್ಸು ಹಿಡಿಯಲು ಹೊರಟುಹೋದಳು. ಎರಡನೆಯದು ಕಚೇರಿಯ ವೇಳೆಯಲ್ಲಿ ಅರ್ಜಿದಾರರನ್ನು ಐದು ತಾಸು ಕೂಡಿಸಿದ್ದೇಕೆ ಎಂದು ಕಲ್ಮೇಶನಿಗೆ ನೋಟೀಸು. ಮೂರನೆಯದು ಬೈಲಹೊಂಗಲದ ಆದೇಶ. ಹೆಸರಿನ ಖಾಲಿ ಜಾಗದಲ್ಲಿ ಸಾಹೇಬರು ದುಂಡಗೆ ಬರೆದು ಸಹಿ ಹಾಕಿದರು. ಮೇಡಂ ಏನೋ ಹೇಳಲು ಮುಂದೆ ಬಂದರು. “ಕಲ್ಮೇಶನ ವಿಷಯ…” ಎಂದರು.

“ಅವರ ವಿಷಯ ಗೊತ್ತಾತು,” ಎಂದರು ಸಾಹೇಬರು.

ಮಡಿವಾಳೆಪ್ಪನವರು ಆದೇಶವನ್ನು ಎರಡು ಸಲ ಓದಿದರು. ಮೂರನೆಯ ಸಲ ಕಲ್ಮೇಶನ ಕೈಗೆ ಕೊಟ್ಟು ಓದಿಸಿದರು, ತಮ್ಮ ಕನ್ನಡಕದಲ್ಲೇ ಏನಾದರೂ ದೋಷವಿದ್ದೀತೆಂದು. ದೋಷವಿರಲಿಲ್ಲ. “ಸಾಹೇಬ್ರ, ನನಗ ಸಕ್ಕರಿ ಬ್ಯಾನಿ ಐತ್ರಿ,” ಎಂದರು ಬಾಗಿಲ ತನಕ ಹಿಂದೆ ಹೋಗಿ. ಗಿಡಗಳ ನಡುವೆ ಅಡ್ಡಾಡಿದರೆ ಸಕ್ಕರೆ ಇಳಿಯುತ್ತದೆ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು.

ಎಲ್ಲರೂ ಹೋದ ಮೇಲೆ ಮೇಡಂ ಗಿಡದ ಮುಂದೆ ಬಹಳ ಹೊತ್ತು ನಿಂತರು. ಕಲ್ಮೇಶ ಎರಡು ಹೆಜ್ಜೆ ಹಿಂದೆ ನಿಂತ.

“ಎರಡ ಎಲಿ ಅಂದಿದ್ದೆ.”

“ಹೌದ್ರಿ ಮೇಡಂ.”

“ಸಾಹೇಬ್ರಿಗೆ ಹಿಂಗ ಸೇರೇತಿ. ಇನ್ನ ಹಿಂಗ ಇಡಬೇಕಾತು. ವಾರಕ್ಕೊಮ್ಮೆ ನೀವ ನೋಡ್ಕೋರಿ.” ಅವರು ಒಳಗೆ ಹೋಗುತ್ತ, ತಿರುಗದೆಯೇ ಹೇಳಿದರು: “ಅಂಗಿಯೊಳಗಿಂದ ಎಲಿ ಹೊರಗ ಬಂದೈತಿ.”

ಮರುವಾರದಿಂದ ಮಡಿವಾಳೆಪ್ಪನವರು ಬೆಳಿಗ್ಗೆ ರಾಮದುರ್ಗದಿಂದ ಬೈಲಹೊಂಗಲಕ್ಕೆ ಹೊರಟರು. ಕಲ್ಮೇಶ ಬೈಲಹೊಂಗಲದ ಕಡೆಯಿಂದ ರಾಮದುರ್ಗಕ್ಕೆ ಹೊರಟೇ ಇದ್ದ. ಇಬ್ಬರೂ ಬಸ್ಸು ಬದಲಿಸುವುದು ಸವದತ್ತಿಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮೊದಲ ಮೂರು ದಿನ ಇಬ್ಬರೂ ನಿಲ್ದಾಣದ ಎರಡು ತುದಿಗೆ ಬೆನ್ನು ಮಾಡಿ ನಿಂತರು. ನಾಲ್ಕನೆಯ ದಿನ ಕಲ್ಲುಬೆಂಚಿನಲ್ಲಿ ಒಂದೇ ಜಾಗ ಉಳಿದಿತ್ತು, ಅದು ಮಡಿವಾಳೆಪ್ಪನವರ ಪಕ್ಕದಲ್ಲಿತ್ತು.

ಅವರು ಸೊರಗಿದ್ದರು. ತೊಡೆಯ ಮೇಲೆ ಬುತ್ತಿಯ ಗಂಟು. ತಣ್ಣನೆಯ ರೊಟ್ಟಿ ಎಂದು ನೋಡಿದರೇ ತಿಳಿಯುತ್ತಿತ್ತು.

ಕಲ್ಮೇಶನಿಗೆ ಪಾಪ ಎನಿಸಿತು. ಅದರ ಜೊತೆಗೆ ಒಂದು ಉಪಾಯವೂ ಹೊಳೆಯಿತು. “ಮಡಿವಾಳೆಪ್ಪನವರ, ಒಂದ ಕೆಲಸ ಮಾಡ್ರಿ,” ಎಂದ. “ಅಲ್ಲಿ ಗಿಡಗೋಳ ಎಲಿ ಒಂದೂ ಬಿಡದ ಕಿತ್ತಬಿಡ್ರಿ. ಜುಟ್ಟಾನೂ ಬಿಡಬ್ಯಾಡ್ರಿ. ಬರೇ ಬಡಿಗಿ ಉಳೀಲಿ. ಸಾಹೇಬ್ರು ಸಿಟ್ಟಾಗಿ ನಿಮ್ಮನ್ನ ವಾಪಸ್ ಕಳಸ್ತಾರ, ನಾ ಅಲ್ಲಿಗೆ ಬರತೇನಿ.”

ಮಡಿವಾಳೆಪ್ಪನವರು ಅವನ ಕಡೆ ನೋಡಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತಲೇ ಹೇಳಿದರು.

“ಮೊನ್ನೇನ ಕಿತ್ತೇನಿ. ಇಪ್ಪತ್ತೂ.”

“ಮತ್ತ?”

“ನಿನ್ನೆ ಸಾಹೇಬ್ರು ಬಂದಿದ್ರು. ಒಂದೊಂದರ ಮುಂದ ನಿಂತ ಫೋಟೋ ತಗಸಿಕೊಂಡ ಹ್ವಾದ್ರು. ಎರಡ ವರ್ಷಕ್ಕ ರಿಟೈರ್ ಆದ ಮ್ಯಾಲೂ ನನ್ನ ಬಿಡಬಾರದಂತ, ಮ್ಯಾಲಿನವರಿಗೆ ಬರೀತಾರಂತ.”

ಎರಡೂ ಬಸ್ಸುಗಳು ಒಟ್ಟಿಗೇ ನಿಲ್ದಾಣಕ್ಕೆ ಬಂದವು. ಇಬ್ಬರೂ ಎದ್ದು, ತಮ್ಮ ತಮ್ಮ ಬುತ್ತಿ ಹಿಡಿದು, ತಮ್ಮ ತಮ್ಮ ಬಸ್ಸು ಹತ್ತಿದರು.